ಎಂ ಬೈ ಐ ಸ್ವಾಹಾ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್ ರೆಕಾರ್ಡುಗಳಲ್ಲಿ ಸಿಗುವಷ್ಟು ಸಭ್ಯವಾದ ಉಕ್ಕು ಪ್ರಪಂಚದ ಯಾವ ಕಾರ್ಖಾನೆಯಲ್ಲೂ ತಯಾರಾಗಿಲ್ಲ. ಬೀದರಿನಲ್ಲಿ ಎಳೆದರೂ ಅದು ಚದರ ಮಿಲಿಮೀಟರಿಗೆ 250 ನ್ಯೂಟನ್ನಿಗೇ ಮಣಿಯುತ್ತದೆ, ಚಾಮರಾಜನಗರದಲ್ಲಿ ಎಳೆದರೂ 250ಕ್ಕೇ ಮಣಿಯುತ್ತದೆ. ಹಿಗ್ಗದೆ ಬಿಗಿಯಾಗಿರುವ ಗುಣದ ಅಳತೆಯಾದ ಅದರ ಯಂಗ್ಸ್ ಮಾಡ್ಯುಲಸ್ಸು ಚದರ ಮಿಲಿಮೀಟರಿಗೆ 2 ಲಕ್ಷ ನ್ಯೂಟನ್, ಒಂದು ನ್ಯೂಟನ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಣ್ಣ ಓದುವಾಗ ಬಂದ ರೀಡಿಂಗೇ ತಮ್ಮನಿಗೂ ಬರುತ್ತದೆ. ಒಂದೇ ರೆಕಾರ್ಡು ಮನೆಯಲ್ಲಿದ್ದರೆ ಬರದೆ ಇನ್ನೇನು. ಭದ್ರಾವತಿಯ ಉಕ್ಕು ಯಥೇಚ್ಛವಾಗಿ ಸಿಗುತ್ತಿದ್ದ ಕಾಲ ಹೋಗಿ, ಈಗ ಗುಜರಿ ಕರಗಿಸಿ ಮಾಡಿದ ಕಂಬಿ ಬಂದಿದೆ. ರೆಕಾರ್ಡಿನ ಉಕ್ಕಿಗೆ ಅದರ ಸುದ್ದಿಯೇ ಗೊತ್ತಿಲ್ಲ.

ಇದರ ರಹಸ್ಯ ದೊಡ್ಡದೇನಲ್ಲ. ಆ ಕಂಬಿಯನ್ನು ಯಾರೂ ಎಳೆದಿಲ್ಲ. ಲ್ಯಾಬಿನ ಮೂಲೆಯಲ್ಲಿ 40 ಟನ್ನಿನ ಯುಟಿಎಂ, ಅಂದರೆ ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್, ನೀಲಿ ಟಾರ್ಪಾಲು ಹೊದ್ದು ನಿಂತಿರುತ್ತದೆ. ಕಾಲೇಜು ಶುರುವಾದಾಗ ಇನ್‌ಸ್ಪೆಕ್ಷನ್ನಿಗೆ ಬಂದವರಿಗೆ ತೋರಿಸಲೆಂದು ಲಕ್ಷಗಟ್ಟಲೆ ಸುರಿದು ತಂದದ್ದು. ಮೈಮೇಲೆ ಹೋದ ವರ್ಷದ ಕುಂಕುಮ ಇನ್ನೂ ಇದೆ, ಬಾಳೆಕಂದು ಕಟ್ಟಿದ ದಾರವೂ ಇದೆ. ಮಕ್ಕಳ ಕಣ್ಣೆದುರು ಅದರಡಿಯಲ್ಲಿ ಒಡೆದ ಏಕೈಕ ವಸ್ತು ಆಯುಧಪೂಜೆಯ ನಿಂಬೆಹಣ್ಣು.

ಸ್ಪೆಸಿಮೆನ್ ಮುರಿಯಬೇಕೆಂದರೆ ಕಂಬಿ ತರಬೇಕು, ಲೇತಿನಲ್ಲಿ ಕಡೆಸಬೇಕು, ಇಂಡೆಂಟ್ ಬರೆಯಬೇಕು, ಅದಕ್ಕೆ ಮೂರು ಸಹಿ ಬೇಕು. ಮುರಿದ ಮೇಲೆ ‘ಕಾಲೇಜಿನ ಸ್ವತ್ತು ಹಾಳಾಯಿತಲ್ಲ’ ಎಂದು ಸ್ಟಾಕ್ ವೆರಿಫಿಕೇಶನ್ನಿನವರು ಕೇಳಿದರೆ ಉತ್ತರ ಕೊಡಬೇಕು. ಆದ್ದರಿಂದ ಯಾವುದೋ ಪುರಾತನ ಬ್ಯಾಚು ಮುರಿದ ಎರಡು ತುಂಡುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಕಪ್ ಅಂಡ್ ಕೋನ್ ಫ್ರ್ಯಾಕ್ಚರ್’ ಎಂದು ಚೀಟಿ ಅಂಟಿಸಲಾಗಿದೆ. ಮಕ್ಕಳು ಸಾಲಾಗಿ ಬಂದು ದರ್ಶನ ಮಾಡಿ ಹೋಗುತ್ತಾರೆ.

ನಿಜವಾಗಿ ಎಳೆದರೆ ಏನಾಗುತ್ತದೆ ಎಂಬುದನ್ನು ಕಂಡವರು ಮರೆಯುವುದಿಲ್ಲ. 12 ಮಿಲಿಮೀಟರಿನ ಮೈಲ್ಡ್ ಸ್ಟೀಲ್ ಸರಳನ್ನು ಎರಡು ದವಡೆಗಳ ನಡುವೆ ಕಚ್ಚಿಸಿ ಪಂಪು ಹಾಕಿದರೆ ಮುಳ್ಳು ಸಲೀಸಾಗಿ ಏರುತ್ತಾ ಹೋಗುತ್ತದೆ. ಇಪ್ಪತ್ತೆಂಟು ಕಿಲೋನ್ಯೂಟನ್ನಿನ ಆಸುಪಾಸಿಗೆ ಬಂದಾಗ ನಿಂತು ತಡವರಿಸುತ್ತದೆ, ಕೆಲವೊಮ್ಮೆ ಒಂದೆರಡು ಗೆರೆ ಹಿಂದಕ್ಕೂ ಬರುತ್ತದೆ. ಭಾರ ಏರದಿದ್ದರೂ ಸರಳು ಉದ್ದವಾಗುತ್ತಿರುತ್ತದೆ. ಸರಳಿನ ಮೇಲಿನ ಕಪ್ಪು ಸಿಪ್ಪೆ ಚೂರುಚೂರಾಗಿ ಉದುರುತ್ತದೆ. ಮತ್ತೆ ಸಾವರಿಸಿಕೊಂಡು ಮುಳ್ಳು ನಲವತ್ತೈದು ದಾಟುವ ಹೊತ್ತಿಗೆ ನಡುವೆ ಎಲ್ಲೋ ಒಂದು ಕಡೆ ಸರಳು ಬಡವಾಗಲು ತೊಡಗುತ್ತದೆ. ಎಲ್ಲಿ ಎಂದು ಮೊದಲೇ ಯಾರೂ ಹೇಳಲಾರರು. ಆಮೇಲೆ ಮುಳ್ಳು ಕೆಳಗಿಳಿಯುತ್ತದೆ, ಕಟ್ಟಡವೆಲ್ಲ ಕೇಳುವಂತೆ ‘ಢಬ್’ ಎನ್ನುತ್ತದೆ, ಕಾರಿಡಾರಿನಲ್ಲಿದ್ದ ಅಟೆಂಡರು ಓಡಿ ಬರುತ್ತಾನೆ. ಮುರಿದ ತುದಿಯನ್ನು ಆಗಲೇ ಮುಟ್ಟಿ ನೋಡಿದರೆ ಕೈಗೆ ಬಿಸಿ ಹತ್ತುತ್ತದೆ. ಹಾಕಿದ ಕೆಲಸವೆಲ್ಲ ಎಲ್ಲಿಗೆ ಹೋಯಿತು ಎಂದು ಬೆರಳೇ ಹೇಳಿಬಿಡುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿ ಒಂದಿದೆ. ಎಕ್ಸ್‌ಟೆನ್ಸೋಮೀಟರು ಕಟ್ಟದೆ, ಬರೀ ಯಂತ್ರದ ಸ್ಕೇಲು ನೋಡಿಕೊಂಡು ಲೆಕ್ಕ ಹಾಕಿದರೆ ಯಂಗ್ಸ್ ಮಾಡ್ಯುಲಸ್ಸು 2 ಲಕ್ಷ ಬರುವುದೇ ಇಲ್ಲ. ಹತ್ತರಲ್ಲೊಂದು ಪಾಲು ಬಂದರೂ ಆಶ್ಚರ್ಯವಿಲ್ಲ. ಕಂಬಿಯ ಜೊತೆಗೆ ಯಂತ್ರದ ಕಂಬಗಳೂ ಹಿಗ್ಗುತ್ತವೆ, ದವಡೆಗಳಲ್ಲಿ ಸರಳು ಜಾರುತ್ತದೆ, ಅದೆಲ್ಲವನ್ನೂ ಸ್ಕೇಲು ಪ್ರಾಮಾಣಿಕವಾಗಿ ಕಂಬಿಯ ಲೆಕ್ಕಕ್ಕೇ ಬರೆಯುತ್ತದೆ. ‘ಯಾಕೆ ಕಡಿಮೆ ಬಂತು?’ ಎಂಬ ಒಂದೇ ಪ್ರಶ್ನೆಯಲ್ಲಿ ಒಂದು ವಾರದ ಪಾಠವಿದೆ. ನಮ್ಮಲ್ಲಿ ಆ ಪ್ರಶ್ನೆಗೆ ಅರ್ಧ ನಿಮಿಷದ ಉತ್ತರವಿದೆ: ‘ಏ, ಅಡ್ಜಸ್ಟ್ ಮಾಡ್ಕೊಳ್ರೋ.’ ವಿದ್ಯಾರ್ಥಿ ಕೊನೆಯ ಸಾಲಿನಲ್ಲಿ 2 ಲಕ್ಷ ಬರೆದು ಅಲ್ಲಿಂದ ಮೇಲಕ್ಕೆ ಹತ್ತುತ್ತಾ ರೀಡಿಂಗುಗಳನ್ನು ಹುಟ್ಟಿಸುತ್ತಾನೆ. ಯಂತ್ರ ಹೇಳಿದ ಸತ್ಯವನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಪುಸ್ತಕ ಹೇಳಿದ್ದಕ್ಕೆ ಟಿಕ್ ಹಾಕಿದ ಮೇಲೆ ರೆಕಾರ್ಡಿಗೆ ಹತ್ತಕ್ಕೆ ಹತ್ತು.

ಈ ಶಾಸ್ತ್ರಕ್ಕೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಎಂದು ಹೆಸರು. ಸ್ಕೀಮು ಬದಲಾದಾಗ ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಆಗುತ್ತದೆ, ಇನ್ನೊಂದು ಸ್ಕೀಮಿನಲ್ಲಿ ಮೆಕ್ಯಾನಿಕ್ಸ್ ಆಫ್ ಸಾಲಿಡ್ಸ್. ಹೆಸರು, ಕೋಡು, ಕ್ರೆಡಿಟ್ಟು ಎಲ್ಲ ಬದಲಾದರೂ ಬೀಮು ಮಾತ್ರ ಅದೇ: ಎರಡು ತುದಿಗೆ ಆಧಾರ, ನಡುವೆ ಒಂದು ಭಾರ. ಆ ಭಾರವನ್ನು ಅಲ್ಲಿಟ್ಟವರು ಯಾರು, ಯಾಕೆ ಇಟ್ಟರು ಎಂದು ಕೇಳಿದ ಮಗು ಈ ತನಕ ಹುಟ್ಟಿಲ್ಲ.

ಪಾಠ ನಡೆಯುವ ರೀತಿಯಂತೂ ಪಕ್ಕಾ ವೈದಿಕ. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ‘ಎಂ ಬೈ ಐ ಈಕ್ವಲ್ ಟು ಸಿಗ್ಮಾ ಬೈ ವೈ ಈಕ್ವಲ್ ಟು ಇ ಬೈ ಆರ್’ ಎನ್ನುತ್ತಾರೆ. ಅರವತ್ತು ಕಂಠಗಳು ಅದನ್ನೇ ಹೇಳುತ್ತವೆ. ಬೀಮು ಬಾಗುವ ಲೆಕ್ಕದ ಈ ಬೆಂಡಿಂಗ್ ಸೂತ್ರಕ್ಕೆ ಋಷಿ ಯಾರು, ದೇವತೆ ಯಾರು, ವಿನಿಯೋಗ ಎಲ್ಲಿ ಎಂಬುದನ್ನು ಬಿಟ್ಟು ಉಳಿದೆಲ್ಲವೂ ಸ್ವರಸಹಿತ ಬಾಯಿಗೆ ಬರುತ್ತದೆ. ಎಲ್ಲೆಲ್ಲಿ ಬೀಮು ಕಂಡರೆ ಅಲ್ಲಲ್ಲಿ ಇದನ್ನು ಹೋಮಿಸಿಬಿಡುವುದು. ಗಿಡ್ಡ ಬೀಮಾದರೂ ಸರಿ, ಬಾಗಿದ ಕೊಕ್ಕೆಯಾದರೂ ಸರಿ, ಕಾಂಕ್ರೀಟು ಬಿರುಕು ಬಿಟ್ಟಿದ್ದರೂ ಸರಿ, ಎಂ ಬೈ ಐ ಸ್ವಾಹಾ.

ಋಷಿಯ ವಿಚಾರ ಬಂತಲ್ಲ, ಹೇಳಿಬಿಡುತ್ತೇನೆ. 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ತನ್ನ ಕೊನೆಯ ದೊಡ್ಡ ಪುಸ್ತಕದಲ್ಲಿ ಗೆಲಿಲಿಯೋ ಗೋಡೆಯಿಂದ ಚಾಚಿಕೊಂಡ ಮರದ ತೊಲೆಯೊಂದನ್ನು ತೆಗೆದುಕೊಂಡು, ತುದಿಗೆ ಕಲ್ಲು ಕಟ್ಟಿದರೆ ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ಲೆಕ್ಕ ಹಾಕಿದ. ತೊಲೆಯ ಅಡ್ಡಕೊಯ್ತದ ಉದ್ದಗಲಕ್ಕೂ ಎಳೆತ ಸಮನಾಗಿ ಹರಡಿದೆ, ಕೆಳಗಿನ ಅಂಚೇ ತಿರುಗಣೆ ಎಂದುಕೊಂಡ. ಹಾಗಾಗಿ ಬಂದ ಉತ್ತರ ಇಂದಿನ ಸೂತ್ರ ಕೊಡುವುದಕ್ಕಿಂತ ಮೂರು ಪಟ್ಟು ಜಾಸ್ತಿ. ತೊಲೆಯ ಮೇಲ್ಭಾಗ ಎಳೆಯಲ್ಪಡುತ್ತದೆ, ಕೆಳಭಾಗ ಅದುಮಲ್ಪಡುತ್ತದೆ, ನಡುವೆ ಎರಡೂ ಇಲ್ಲದ ಒಂದು ಪದರ, ನ್ಯೂಟ್ರಲ್ ಆಕ್ಸಿಸ್, ಇದೆ ಎಂಬುದು ಜಗತ್ತಿನ ಮಹಾಮೇಧಾವಿಗೂ ಹೊಳೆಯಲಿಲ್ಲ. ಆದರೆ ಎತ್ತರ ಇಮ್ಮಡಿಯಾದರೆ ತೊಲೆಯ ತಾಕತ್ತು ನಾಲ್ಕು ಪಟ್ಟಾಗುತ್ತದೆ ಎಂದು ಅವನು ಹೇಳಿದ್ದು ಸರಿ. ಮಲಗಿಸಿದ ಹಲಗೆಗಿಂತ ನಿಲ್ಲಿಸಿದ ಹಲಗೆ ಯಾಕೆ ಗಟ್ಟಿ ಎಂಬುದಕ್ಕೆ ಅದೇ ಕಾರಣ.

1713ರಲ್ಲಿ ಪ್ಯಾರಿಸ್ಸಿನ ಪರಾಂ ಎಂಬಾತ ಆ ನಡುಪದರದ ಒಗಟನ್ನು ಸರಿಯಾಗಿ ಬಿಡಿಸಿ ತನ್ನದೇ ಒಂದು ಪುಸ್ತಕದಲ್ಲಿ ಹಾಕಿಕೊಂಡ. ಯಾರೂ ಓದಲಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರು ಇಲ್ಲದ ಕಡೆ ಪ್ರಕಟಿಸಿದರೆ ಇನ್ನೇನಾಗುತ್ತದೆ? ಅರವತ್ತು ವರ್ಷ ಕಳೆದು 1773ರಲ್ಲಿ ಕೂಲಂಬ್ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಅದನ್ನು ಮತ್ತೆ ಮೊದಲಿನಿಂದ ಸಾಧಿಸಿ ತೋರಿಸಬೇಕಾಯಿತು. ಗೆಲಿಲಿಯೋ ಕೂಡ ಎಡವಿದ ಜಾಗ, ಒಂದೂಕಾಲು ಶತಮಾನಕ್ಕೂ ಮೀರಿ ಘಟಾನುಘಟಿಗಳು ತಿಣುಕಿದ ಜಾಗ, ನಮ್ಮ ತರಗತಿಯಲ್ಲಿ ‘ನ್ಯೂಟ್ರಲ್ ಆಕ್ಸಿಸ್ ಪಾಸಸ್ ಥ್ರೂ ಸೆಂಟ್ರಾಯ್ಡ್, ಬರ್ಕೊಳ್ಳಿ’ ಎಂಬಲ್ಲಿಗೆ ಮುಗಿಯುತ್ತದೆ.

ಗೆಲಿಲಿಯೋ ನಮ್ಮ ಪರೀಕ್ಷೆ ಬರೆದಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಿದ್ದೇನೆ. ಚಿತ್ರಕ್ಕೆ ಎರಡು, ಡೇಟಾ ಬರೆದದ್ದಕ್ಕೆ ಒಂದು, ಸ್ಟೆಪ್ಪಿಗೆ ನಾಲ್ಕು. ಉತ್ತರ ತಪ್ಪಿದರೂ ಹತ್ತಕ್ಕೆ ಏಳು, ಆರಾಮಾಗಿ ಪಾಸು. ಪರಾಂ ಫೇಲು, ಸ್ಕೀಮ್ ಆಫ್ ವ್ಯಾಲ್ಯುಯೇಶನ್ನಿನಲ್ಲಿ ಇಲ್ಲದ ದಾರಿಯಲ್ಲಿ ಬಂದಿದ್ದಾನೆ.

ಈ ನಗೆಯೆಲ್ಲ ಸೈಟಿಗೆ ಬಂದಾಗ ಇಂಗಿಹೋಗುತ್ತದೆ. ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್ನಿನ ಹುಡುಗನೊಬ್ಬ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಎರಡನೇ ಮಹಡಿಯ ಸಜ್ಜಾದ ಕಂಬಿ ಚೆಕ್ ಮಾಡುತ್ತಿದ್ದಾನೆ. ಕಂಬಿ ಎಲ್ಲ ಕೆಳಗೆ, ಸೆಂಟ್ರಿಂಗ್ ಶೀಟಿಗೆ ಅಂಟಿಕೊಂಡಂತೆ ಇದೆ. ಹುಡುಗ ಟೇಪು ಹಿಡಿದು ಎಡೆ ಅಳೆದ, ಸರಿಯಿದೆ. ವ್ಯಾಸ ಅಳೆದ, ಸರಿಯಿದೆ. ‘ಓಕೆ, ಕಾಂಕ್ರೀಟ್ ಹಾಕ್ಸಿ’ ಎಂದ. ಕಂಬಿ ಕಟ್ಟುವ ಮೇಸ್ತ್ರಿ ಬಾಯಲ್ಲಿದ್ದ ಎಲೆಅಡಿಕೆ ಒಂದು ಕೆನ್ನೆಗೆ ಸರಿಸಿ ಹೇಳಿದ:

‘ಸಾರ್, ಬೇಜಾರ್ ಮಾಡ್ಕೋಬ್ಯಾಡಿ. ಇದು ಗ್ವಾಡೆಯಿಂದ ಆಚೀಕೆ ಚಾಚ್ಕೊಂಡಿರೋದು. ಕಂಬಿ ಮ್ಯಾಲಿರ್ಬೇಕು. ನಮ್ಮುಡುಗ್ರು ಮ್ಯಾಲೇ ಕಟ್ಟಿದ್ರು, ನೀರಾಕೋರು ತುಳ್ದು ತುಳ್ದು ಕೆಳೀಕ್ ಹೋಗದೆ.’

‘ಡ್ರಾಯಿಂಗಲ್ಲಿ ಏನಿದೆ?’

‘ಡ್ರಾಯಿಂಗಲ್ಲೂ ಮ್ಯಾಲೇ ಐತೆ ಸಾರ್. ನೀವು ತಲೆಕೆಳಗ್ ಹಿಡ್ಕಂಡಿದೀರಿ.’

ಮೇಸ್ತ್ರಿ ಎಂ ಬೈ ಐ ಕಲಿತವನಲ್ಲ. ತನ್ನ ಗುರು ಕಟ್ಟಿದ್ದ ಒಂದು ಸಜ್ಜಾ ಸೆಂಟ್ರಿಂಗ್ ಬಿಚ್ಚಿದ ದಿನವೇ ಬುಡದಲ್ಲಿ ಮೇಲಿನಿಂದ ಸೀಳಿಕೊಂಡು ತೂಗಾಡಿದ್ದನ್ನು ಕಂಡವನು. ಕಾಂಕ್ರೀಟಿಗೆ ಅದುಮಿದರೆ ತಡೆಯುವ ಶಕ್ತಿಯಿದೆ, ಎಳೆದರೆ ಇಲ್ಲ. ಚಾಚಿಕೊಂಡದ್ದರಲ್ಲಿ ಎಳೆತ ಬೀಳುವುದು ಮೇಲುಗಡೆ. ಹಾಗಾಗಿ ಉಕ್ಕು ಮೇಲಿರಬೇಕು. ಇಷ್ಟೇ. ಇದೇ ಬೆಂಡಿಂಗ್ ಸೂತ್ರದ ವಿನಿಯೋಗ. ಹುಡುಗ ಪರೀಕ್ಷೆಯಲ್ಲಿ ಕ್ಯಾಂಟಿಲಿವರಿನ ಬೆಂಡಿಂಗ್ ಮೊಮೆಂಟ್ ಡಯಾಗ್ರಾಮನ್ನು ಪೆನ್ಸಿಲ್ಲಿನಲ್ಲಿ ಶೇಡು ಕೊಟ್ಟು ಬಿಡಿಸಿದ್ದ. ಮೈನಸ್ ಚಿಹ್ನೆಯನ್ನೂ ಮರೆತಿರಲಿಲ್ಲ. ಆ ಮೈನಸ್ ಚಿಹ್ನೆಗೂ ಸಜ್ಜಾದ ಕೆಳಗೆ ಮಳೆಗೆ ನಿಲ್ಲುವ ಜನರ ತಲೆಗೂ ಸಂಬಂಧವಿದೆ ಎಂದು ನಾಲ್ಕು ವರ್ಷದಲ್ಲಿ ಯಾರಾದರೂ ಹೇಳಿದ್ದರೆ ತಾನೆ.

ಜ್ಞಾನ ಹಂಚುವುದರಲ್ಲಿ ನಾವೇನೂ ಹಿಂದುಳಿದಿಲ್ಲ, ತಪ್ಪು ತಿಳಿಯಬೇಡಿ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಯಾವ ಯೂನಿವರ್ಸಿಟಿಯೂ ಸಾಧಿಸದ ಕೆಲಸ ನಡೆಯುತ್ತಿದೆ. ‘ಅಣ್ಣಾ, ಎಸ್‌ಓಎಂ’ ಎಂದರೆ ಸಾಕು, ಆತ ತಲೆ ಎತ್ತದೆ ಕೇಳುತ್ತಾನೆ: ‘ಪೂರ್ತಿನಾ, ಪಾಸಿಂಗ್ ಪ್ಯಾಕೇಜಾ?’ ಪೂರ್ತಿ ಬೇಕೆಂದವನನ್ನು ಕನಿಕರದಿಂದ ನೋಡುತ್ತಾನೆ. ಮಾಡ್ಯೂಲ್ ಒಂದರಲ್ಲಿ ಟೇಪರಿಂಗ್ ಬಾರು, ಎರಡರಲ್ಲಿ ಯಾವ ಓರೆಯಲ್ಲಿ ಎಷ್ಟು ಎಳೆತ ಎಂದು ತೋರಿಸುವ ಮೋರ್ಸ್ ಸರ್ಕಲ್ಲು, ಕಾಲಮ್ಮಿನಲ್ಲಿ ಆಯ್ಲರನ ಅಸಂಪ್ಷನ್ನುಗಳು, ಇಷ್ಟು ಓದಿದರೆ ಹೊರಗೆ ಬರಬಹುದು ಎಂದು ಆತನಿಗೆ ಗೊತ್ತು. ಸಿಲಬಸ್ಸು ಬದಲಾಗುವ ಸುದ್ದಿ ಎಚ್‌ಓಡಿಗಿಂತ ಮೊದಲು ಅವನಿಗೆ ತಿಳಿಯುತ್ತದೆ, ಯಾಕೆಂದರೆ ಬಂಡವಾಳ ಅವನದು.

ಹಂಚುವುದಷ್ಟೇ ಅಲ್ಲ, ಮುಚ್ಚಿಡುವ ಕಲೆಯೂ ಈ ಶಾಸ್ತ್ರಕ್ಕೆ ಹೊಸದಲ್ಲ. ರಾಬರ್ಟ್ ಹುಕ್ 1676ರಲ್ಲಿ ತನ್ನ ಸ್ಪ್ರಿಂಗಿನ ನಿಯಮವನ್ನು ಹೇಳಿಯೂ ಹೇಳದಂತೆ ಮಾಡಲು, ಲ್ಯಾಟಿನ್ ವಾಕ್ಯದ ಹದಿನಾಲ್ಕು ಅಕ್ಷರಗಳನ್ನು ಎಬಿಸಿಡಿ ಕ್ರಮಕ್ಕೆ ಕಲಸಿ ಅಚ್ಚು ಹಾಕಿಸಿದ. ಸ್ಪ್ರಿಂಗ್ ಗಡಿಯಾರದ ಲಾಭ ಯಾರಿಗೆ ಎಂಬ ಜಗಳ ಆಗ ಜೋರಾಗಿತ್ತು. ಎರಡು ವರ್ಷ ಬಿಟ್ಟು 1678ರಲ್ಲಿ ಅವನೇ ಬಿಡಿಸಿ ಹೇಳಿದ: ಎಷ್ಟು ಹಿಗ್ಗೋ ಅಷ್ಟು ಬಲ. ಬಡಪಾಯಿ, ಎರಡೇ ವರ್ಷಕ್ಕೆ ಬಾಯಿಬಿಟ್ಟ. ನಮ್ಮ ಕೆಲವು ಹಿರಿಯರು ಕಡು ಹಳದಿ ಬಣ್ಣಕ್ಕೆ ತಿರುಗಿದ ನೋಟ್ಸನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜೇಬಿನಲ್ಲಿಟ್ಟು ರಿಟೈರ್ ಆದರು. ಬೀರು ಒಡೆದು ನೋಡಿದರೆ ಒಳಗಿದ್ದದ್ದು ಟಿಮೊಶೆಂಕೋನ ಪುಸ್ತಕದ ನಾಲ್ಕು ಅಧ್ಯಾಯ, ಮುತ್ತಿನಂಥ ಅಕ್ಷರದಲ್ಲಿ.

ಟಿಮೊಶೆಂಕೋ ಎಂದಾಗ ನೆನಪಾಯಿತು. ಆ ಮಹಾನುಭಾವನ ಹೆಸರು ನಮ್ಮ ರೆಫರೆನ್ಸ್ ಪಟ್ಟಿಯಲ್ಲಿ ಕಾಯಂ ಸದಸ್ಯ. ಉಕ್ರೇನಿನ ಹಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಕೀವ್ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾ, 1911ರಲ್ಲಿ ಸರ್ಕಾರದ ನೀತಿಯ ವಿರುದ್ಧದ ಪ್ರತಿಭಟನೆಗೆ ಸಹಿ ಹಾಕಿ ಕೆಲಸ ಕಳೆದುಕೊಂಡವನು. 1922ರಲ್ಲಿ ಅಮೆರಿಕಕ್ಕೆ ಹೋಗಿ ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಾರ್ಖಾನೆಯ ಎಂಜಿನಿಯರುಗಳಿಗೆ ಎಲ್ಯಾಸ್ಟಿಸಿಟಿ ಹೇಳಿಕೊಟ್ಟ. ಅದರಿಂದ ಬಂದ ಪುಸ್ತಕ 1925ರಲ್ಲಿ ಅಚ್ಚಾದದ್ದು ಕಾರ್ಖಾನೆಯದೇ ರಾತ್ರಿಶಾಲೆಯ ಮುದ್ರಣಾಲಯದಿಂದ. ಹಗಲೆಲ್ಲ ಟರ್ಬೈನಿನ ಜೊತೆ ಗುದ್ದಾಡಿದವರು ಓದಲೆಂದು ಹೊರಟ ಪುಸ್ತಕ ಅದು. ಅಂಥವನು ಇಂದು ನಮ್ಮಲ್ಲಿ ಕೆಲಸಕ್ಕೆ ಅರ್ಜಿ ಹಾಕಿದರೆ ಮೊದಲ ಪ್ರಶ್ನೆ: ‘ಸರ್, ಸ್ಕೋಪಸ್ ಪೇಪರ್ ಎಷ್ಟಿದೆ?’

ಪಾಠ ಮಾಡುವವರನ್ನೇ ದೂರಿದರೆ ಪಾಪ ಸುತ್ತಿಕೊಳ್ಳುತ್ತದೆ. ಅವರಿಗೆ ಪಾಠ ಮಾಡಲು ಪುರುಸೊತ್ತೆಲ್ಲಿದೆ? ಪ್ರತಿ ಪಾಠ ಯಾವ ಪಿಓಗೆ, ಅಂದರೆ ಪ್ರೋಗ್ರಾಂ ಔಟ್‌ಕಮ್ಮಿಗೆ, ಸಲ್ಲುತ್ತದೆ ಎಂದು ಅಂಕ ಹಾಕುವ, ಅಕ್ರೆಡಿಟೇಶನ್ ಕಮಿಟಿ ಬರುವ ತಿಂಗಳು ಸ್ಟಾಫ್ ರೂಮಿನ ಕಡೆ ಕಿವಿಗೊಡಿ.

‘ಮೇಡಂ, ಮೋರ್ಸ್ ಸರ್ಕಲ್ ಯಾವ ಪಿಓಗೆ ಮ್ಯಾಪ್ ಮಾಡಿದೀರಿ?’

‘ಒಂದು ಮತ್ತೆ ಎರಡು, ಸರ್.’

‘ಸಾಲಲ್ಲ. ಎನ್ವಿರಾನ್‌ಮೆಂಟ್ ಅಂಡ್ ಸಸ್ಟೈನೆಬಿಲಿಟಿ ಖಾಲಿ ಕಾಣ್ತಿದೆ. ಅಲ್ಲೊಂದು ಒಂದು ಹಾಕಿ.’

‘ಸರ್, ಮೋರ್ಸ್ ಸರ್ಕಲ್ಲಿಗೂ ಪರಿಸರಕ್ಕೂ…’

‘ಸರ್ಕಲ್ ಅಲ್ವೇನ್ರೀ? ಭೂಮಿನೂ ಸರ್ಕಲ್ಲೇ. ಹಾಕಿ, ಹಾಕಿ.’

ಇದಕ್ಕೊಂದು ಹಿನ್ನೆಲೆಯಿದೆ: ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡಿಗೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾಯಿತು. ನಮ್ಮ ಪದವಿಗೆ ಹೊರದೇಶದಲ್ಲೂ ಬೆಲೆ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ವಿದ್ಯಾರ್ಥಿ ಏನು ಕಲಿತ ಎಂದು ಕೇಳಬೇಕು ಎಂಬುದೂ ಒಳ್ಳೆಯ ಮಾತೇ. ನಾವು ಅದನ್ನು ಕೋರ್ಸ್ ಫೈಲನ್ನಾಗಿ ಮಾಡಿಕೊಂಡೆವು. ಪ್ರತಿ ಪ್ರಶ್ನೆಯ ಬಾಲಕ್ಕೆ ಬ್ಲೂಮ್ಸ್ ಲೆವೆಲ್ಲು ಬರೆಯಬೇಕು. ‘ವ್ಯಾಖ್ಯಾನಿಸಿ’ ಎಂದರೆ ಎಲ್ ಒಂದು. ಅದೇ ಪ್ರಶ್ನೆಗೆ ‘ವಿಶ್ಲೇಷಿಸಿ’ ಎಂಬ ಕ್ರಿಯಾಪದ ಹಚ್ಚಿದರೆ ಎಲ್ ನಾಲ್ಕು. ಮಗುವಿನ ಉತ್ತರ ಎರಡಕ್ಕೂ ಒಂದೇ, ಜೆರಾಕ್ಸ್ ಅಂಗಡಿಯದು. ಬೆಂಡಿಂಗ್ ಸೂತ್ರ ಸಾಧಿಸಲು ಒಂದು ಪೀರಿಯಡ್ಡು, ಸಾಧಿಸಿದೆವೆಂದು ಸಾಬೀತುಪಡಿಸಲು ಒಂದು ಸೆಮಿಸ್ಟರು. ಎಕ್ಸೆಲ್ ಶೀಟಿನಲ್ಲಿ ಅಟೈನ್‌ಮೆಂಟು 2.37 ಬಂದರೆ ಎಚ್‌ಓಡಿಗೆ ನಿದ್ದೆ ಬರುತ್ತದೆ. 2.37 ಏನು, ಕಿಲೋವೇ, ಮೊಳವೇ ಎಂದು ಕೇಳಬೇಡಿ.

ಇನ್ನು ಸಂಶೋಧನೆ. ಕರ್ನಾಟಕದ ಮೆಕ್ಯಾನಿಕಲ್ ವಿಭಾಗಗಳು ಅಡಿಕೆ ಸಿಪ್ಪೆಗೆ ಮಾಡಿರುವ ಉಪಕಾರ ದೊಡ್ಡದು. ಅಡಿಕೆ ನಾರು, ಬಾಳೆ ನಾರು, ತೆಂಗಿನ ನಾರು, ಕತ್ತಾಳೆ ನಾರು. ಇವುಗಳಲ್ಲಿ ಒಂದನ್ನು ಕ್ಷಾರದಲ್ಲಿ ನೆನೆಸಿ, ಎಪಾಕ್ಸಿಯಲ್ಲಿ ಅದ್ದಿ, ಹಾಳೆ ಮಾಡಿ, ಯುಟಿಎಂನಲ್ಲಿ ಎಳೆದರೆ ಒಂದು ಪೇಪರು. ಹತ್ತು ಪರ್ಸೆಂಟ್ ನಾರಿಗೆ ಒಂದು, ಇಪ್ಪತ್ತಕ್ಕೆ ಇನ್ನೊಂದು, ಎರಡು ನಾರು ಬೆರೆಸಿದರೆ ‘ಹೈಬ್ರಿಡ್’ ಎಂದು ಮೂರನೆಯದು. ಕೊನೆಯ ಪ್ಯಾರಾದಲ್ಲಿ ಇದನ್ನು ಕಾರಿನ ಬಾಗಿಲಿಗೂ ವಿಮಾನದ ಒಳಭಾಗಕ್ಕೂ ಬಳಸಬಹುದು ಎಂದು ಇರಲೇಬೇಕು. ತೀರ್ಥಹಳ್ಳಿಯ ತೋಟದವರು ಸಿಪ್ಪೆಯನ್ನು ಇವತ್ತಿಗೂ ರಸ್ತೆ ಬದಿಗೆ ಸುರಿಯುತ್ತಿದ್ದಾರೆ. ಅವರಿಗೆ ತಮ್ಮ ಸಿಪ್ಪೆ ವಿಮಾನ ಹತ್ತಿರುವುದು ಗೊತ್ತಿಲ್ಲ. ಅಂದಹಾಗೆ, ಮೇಲೆ ಹೇಳಿದ ಟಾರ್ಪಾಲು ಈ ಕೆಲಸಕ್ಕೆ ಮಾತ್ರ ಸರಿಯುತ್ತದೆ.

ಆ ಪೇಪರನ್ನು ಬರೆದವರಿಗೆ ಸಂಭಾವನೆಯಿಲ್ಲ, ತಿದ್ದಿ ಕೊಟ್ಟ ರಿವ್ಯೂವರಿಗೂ ಇಲ್ಲ. ಓದಬೇಕೆಂದರೆ ಮಾತ್ರ ದುಡ್ಡು. ಕಡೆಗೆ ಕೇಂದ್ರ ಸರ್ಕಾರವೇ ‘ಒಂದು ದೇಶ ಒಂದು ಚಂದಾ’ ಎಂದು 2024ರ ನವೆಂಬರಿನಲ್ಲಿ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂವತ್ತು ಅಂತರರಾಷ್ಟ್ರೀಯ ಪ್ರಕಾಶಕರಿಗೆ ಸಂದಾಯ. ನಮ್ಮ ಸಂಬಳದಲ್ಲಿ ನಾವು ಬರೆದದ್ದನ್ನು ನಮ್ಮ ತೆರಿಗೆಯಲ್ಲಿ ನಾವೇ ಕೊಂಡು ಓದುವ ಈ ಏರ್ಪಾಡನ್ನು ನೋಡಿದರೆ, ಅಕ್ಷರ ಕಲಸಿಟ್ಟ ಹುಕ್ ಹಸುಳೆ ಎನಿಸುತ್ತಾನೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮತ್ತು ಐಐಎಸ್‌ಸಿಯ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಕೆಲವು ಅಪ್ಪಟ ಚಿನ್ನ. ನಮ್ಮ ಹುಡುಗರು ಅದನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, ಸದ್ದು ಬಂದ್ ಮಾಡಿ, ಪಕ್ಕದಲ್ಲಿ ಬಿರಿಯಾನಿ ಆರ್ಡರ್ ಮಾಡುತ್ತಾರೆ. ಸರ್ಟಿಫಿಕೇಟಿಗೆ ಕ್ರೆಡಿಟ್ಟಿದೆ, ಚಿನ್ನಕ್ಕಿಲ್ಲ.

ಭಾಷೆಯ ಮಾತು ಒಂದು ಚೂರು. ತರಗತಿಯಲ್ಲಿ ಕನ್ನಡ ಬಳಸಬಾರದು ಎನ್ನುವವರ ತರಗತಿಯಲ್ಲೂ ಅತ್ಯಂತ ನಿಖರವಾದ ಕನ್ನಡ ಕೇಳಿಬರುವುದು ಸೆಮಿಸ್ಟರಿನ ಕೊನೆಯ ವಾರ: ‘ಇದು ಬರುತ್ತೆ, ಇದು ಬರಲ್ಲ, ಇದು ಬಂದ್ರೂ ಬಿಟ್ಬಿಡಿ.’ ಇಡೀ ಸೆಮಿಸ್ಟರು ಕಿಟಕಿ ನೋಡುತ್ತಿದ್ದ ಹಿಂದಿನ ಬೆಂಚು ಆ ದಿನ ಪೆನ್ನು ಎತ್ತುತ್ತದೆ. ಅಷ್ಟೇ ತಿಳಿಯಾಗಿ ಶಿಯರ್ ಸ್ಟ್ರೆಸ್ಸನ್ನೂ ಹೇಳಬಹುದಿತ್ತು.

ಈಗಂತೂ ಲೆಕ್ಕ ಮಾಡುವ ಗೋಜೇ ಇಲ್ಲ, ಸಾಫ್ಟ್‌ವೇರು ಬಂದಿದೆ. ಮಾಡೆಲ್ಲು ಬಿಡಿಸಿ ಬಟನ್ ಒತ್ತಿದರೆ ಕಾಮನಬಿಲ್ಲು ಮೂಡುತ್ತದೆ. ಕೆಂಪು ಬಂದರೆ ಡೇಂಜರು, ನೀಲಿ ಬಂದರೆ ಸೇಫು. ಟ್ರಾಫಿಕ್ ಪೊಲೀಸರಿಗೂ ಎಂಟೆಕ್ ಕೊಡಬಹುದು. ಚೂಪಾದ ಒಳಮೂಲೆಯಲ್ಲಿ ಮೆಶ್, ಅಂದರೆ ಲೆಕ್ಕದ ಬಲೆ, ಸಣ್ಣದು ಮಾಡಿದಷ್ಟೂ ಸ್ಟ್ರೆಸ್ಸು ಏರುತ್ತಲೇ ಹೋಗುತ್ತದೆ. ಅಲ್ಲಿ ಗಣಿತದ ಉತ್ತರವೇ ಅನಂತ. ಇದನ್ನು ಅರಿಯದ ಪ್ರಾಜೆಕ್ಟ್ ಬ್ಯಾಚು ಸೋಮವಾರ 180, ಬುಧವಾರ 240, ಶುಕ್ರವಾರ 390 ಬಂದದ್ದನ್ನು ಕಂಡು ಗೈಡನ್ನು ಕೇಳುತ್ತದೆ. ಗೈಡು ಉಕ್ಕು ಮಣಿಯುವ ಯೀಲ್ಡಿಗಿಂತ ಕೆಳಗಿರುವುದನ್ನು ಆರಿಸಿಕೊಡುತ್ತಾರೆ. ಸೇಫ್ ಡಿಸೈನ್.

ಒಂದು ಕಡೆ ಮಾತ್ರ ವ್ಯಂಗ್ಯಕ್ಕೆ ಬಾಯಿ ಬರುವುದಿಲ್ಲ. 1981ರಲ್ಲಿ ಅಮೆರಿಕದ ಕನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾಕಿದ್ದ ನಡೆದಾರಿಗಳು ಕುಸಿದು 114 ಮಂದಿ ಸತ್ತರು. ಮೇಲಿನ ಚಾವಣಿಯಿಂದ ಒಂದೇ ಉದ್ದದ ಸರಳಿನಲ್ಲಿ ಎರಡು ನಡೆದಾರಿಗಳು ತೂಗಬೇಕಿತ್ತು. ಕಟ್ಟುವ ಅನುಕೂಲಕ್ಕೆಂದು ಸರಳನ್ನು ಎರಡು ಮಾಡಿ, ಕೆಳಗಿನದನ್ನು ಮೇಲಿನ ನಡೆದಾರಿಯ ತೊಲೆಗೆ ನೇತುಹಾಕಿದರು. ಹಗ್ಗಕ್ಕೆ ಇಬ್ಬರು ಜೋತುಬೀಳುವುದು ಬೇರೆ, ಹಗ್ಗ ಹಿಡಿದವನ ಕಾಲಿಗೆ ಇನ್ನೊಬ್ಬ ಜೋತುಬೀಳುವುದು ಬೇರೆ. ಮೇಲಿನ ತೊಲೆಯಡಿಯ ನಟ್ಟಿನ ಮೇಲೆ ಭಾರ ಇಮ್ಮಡಿಯಾಯಿತು. ಮೊದಲ ಸೆಮಿಸ್ಟರಿನ ಫ್ರೀ ಬಾಡಿ ಡಯಾಗ್ರಾಮು ಸಾಕಿತ್ತು ಇದನ್ನು ಕಾಣಲು. ಅಲ್ಲಿ ಆಮೇಲೆ ತನಿಖೆಯ ವಿವರವೆಲ್ಲ ಬಯಲಾಯಿತು, ಲೈಸೆನ್ಸುಗಳು ಹೋದವು, ಹೊಣೆ ಹೊತ್ತ ಎಂಜಿನಿಯರೇ ಮುಂದೆ ಸಮ್ಮೇಳನಗಳಲ್ಲಿ ನಿಂತು ಆ ತಪ್ಪನ್ನು ಪಾಠ ಮಾಡಿದರು. ಪ್ರಪಂಚದ ತರಗತಿಗಳಲ್ಲಿ ಅದು ಇಂದಿಗೂ ಪಾಠ.

2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕೆಂದು ನಿಲ್ಲಿಸಿದ್ದ ಕಂಬಿಪಂಜರ ರಸ್ತೆಗೆ ಮಗುಚಿ, ಬೈಕಿನಲ್ಲಿದ್ದ ತಾಯಿ ಮತ್ತು ಪುಟ್ಟ ಮಗ ತೀರಿಕೊಂಡರು. ಐಐಎಸ್‌ಸಿಯಿಂದ ವರದಿ ಕೇಳಿದರು. ಎತ್ತರದ ಪಂಜರ ತನ್ನ ತೂಕಕ್ಕೆ ತಾನೇ ಹೇಗೆ ಓಲಾಡುತ್ತದೆ, ಆಧಾರದ ತಂತಿ ಎಷ್ಟು ಎತ್ತರದಲ್ಲಿ ಎಷ್ಟು ಬಿಗಿಯಾಗಿರಬೇಕು, ಕಾಂಕ್ರೀಟು ಬೀಳುವ ತನಕ ಅದು ಕಂಬವೋ ಬಲೆಯೋ. ನಮ್ಮ ಊರಿನ ರಸ್ತೆಯೇ ಕೊಟ್ಟ ಈ ಪ್ರಶ್ನೆಗಳಿಗಿಂತ ದೊಡ್ಡ ಪಠ್ಯ ಯಾವುದಿದೆ? ನಮ್ಮ ಪಠ್ಯದ ಕಾಲಮ್ಮು ಇಂದಿಗೂ ಆಯ್ಲರ್ 1744ರಲ್ಲಿ ಕಲ್ಪಿಸಿದಷ್ಟೇ ನೆಟ್ಟಗಿದೆ. ಅದರ ಮೇಲೆ ಭಾರ ಸರಿಯಾಗಿ ನಡುಮಧ್ಯಕ್ಕೇ ಬೀಳುತ್ತದೆ, ಪಕ್ಕದಲ್ಲಿ ರಸ್ತೆಯಿಲ್ಲ, ರಸ್ತೆಯಲ್ಲಿ ಯಾರೂ ಇಲ್ಲ. ಅಸಂಪ್ಷನ್ನುಗಳನ್ನು ಪಟ್ಟಿ ಮಾಡಿ, ಐದು ಅಂಕ.

ಸರಿ, ದುಡ್ಡಿಲ್ಲ, ಪುರುಸೊತ್ತಿಲ್ಲ, ಕಂಬಿಯಿಲ್ಲ ಎನ್ನುವವರಿಗಾಗಿ ಒಂದು ಸೀಮೆಸುಣ್ಣವಾದರೂ ಇತ್ತು. ಅದರ ಎರಡು ತುದಿ ಹಿಡಿದು ಬಾಗಿಸಿದರೆ ನೆಟ್ಟಗೆ ಅಡ್ಡಡ್ಡ ಮುರಿಯುತ್ತದೆ. ಹೊಸ ತುಂಡು ತೆಗೆದುಕೊಂಡು, ಬಾಗಿಸದೆ, ಬಟ್ಟೆ ಹಿಂಡುವಂತೆ ತಿರುಚಿದರೆ 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಸೀಳುತ್ತದೆ. ತಿರುಚಿದಾಗ ಅತಿ ಹೆಚ್ಚು ಎಳೆತ ಬೀಳುವುದು ಆ ಓರೆಯ ಮೇಲೆ, ಸುಣ್ಣಕ್ಕೆ ಎಳೆತ ತಡೆಯುವ ತ್ರಾಣವಿಲ್ಲ. ಮೋರ್ಸ್ ಸರ್ಕಲ್ಲಿನ ಇಡೀ ಮರ್ಮ ಮೇಷ್ಟ್ರ ಬೆರಳ ತುದಿಯಲ್ಲಿ, ಎರಡು ಸೆಕೆಂಡಿನಲ್ಲಿ, ಒಂದು ರೂಪಾಯಿ ಖರ್ಚಿಲ್ಲದೆ. ಮುಂದಿನ ಬೆಂಚಿನ ಹುಡುಗಿ ಆ ತುಂಡು ಕೈಗೆ ತೆಗೆದುಕೊಂಡು ಸುರುಳಿಯ ಅಂಚಿನ ಮೇಲೆ ಬೆರಳಾಡಿಸಿದರೆ ಸಾಕು, ಪ್ರಿನ್ಸಿಪಲ್ ಪ್ಲೇನು ಎಂದರೇನು ಎಂದು ಅವಳಿಗೆ ಯಾರೂ ಮತ್ತೆ ಹೇಳಬೇಕಿಲ್ಲ.

ನನಗೆ ಗೊತ್ತಿರುವ ಒಂದು ಕಾಲೇಜಿನ ಎಳೆಯ ಲೆಕ್ಚರರ್ ಇದನ್ನು ಉತ್ಸಾಹದಿಂದ ಡಿಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಹೇಳಿದರು. ಎಚ್‌ಓಡಿ ಸಂತೋಷಪಟ್ಟು ‘ಇನ್ನೋವೇಟಿವ್ ಟೀಚಿಂಗ್ ಮೆಥಡ್’ ಎಂಬ ತಲೆಬರಹದಡಿ ಅದನ್ನು ಸೇರಿಸಿಕೊಂಡರು. ಕ್ವಾಲಿಟಿ ಸೆಲ್ಲಿನಿಂದ ಪತ್ರ ಬಂತು: ಚಟುವಟಿಕೆಯ ಜಿಯೋಟ್ಯಾಗ್ ಮಾಡಿದ ಫೋಟೋ ಎರಡು, ವಿದ್ಯಾರ್ಥಿಗಳ ಹಾಜರಿ ಸಹಿ, ಫೀಡ್‌ಬ್ಯಾಕ್ ಫಾರಂ, ಅದರ ವಿಶ್ಲೇಷಣೆ, ವಿಶ್ಲೇಷಣೆಯ ಮೇಲೆ ಕೈಗೊಂಡ ಕ್ರಮ. ಎಲ್ಲದಕ್ಕೂ ಒಪ್ಪಿದರು. ಆದರೆ ಹೋದ ವರ್ಷವೇ ಎಲ್ಲ ತರಗತಿಗೂ ಸ್ಮಾರ್ಟ್‌ಬೋರ್ಡ್ ಹಾಕಿಸಿ ‘ಚಾಕ್-ಫ್ರೀ ಕ್ಯಾಂಪಸ್’ ಎಂದು ಪ್ರಾಂಶುಪಾಲರು ಪೇಪರಿನವರಿಗೆ ಫೋಟೋ ಕೊಟ್ಟಿದ್ದರಿಂದ ಸ್ಟೋರಿನಲ್ಲಿ ಸೀಮೆಸುಣ್ಣ ಇರಲಿಲ್ಲ. ಒಂದು ಡಬ್ಬಿ ತರಿಸಲು ಮೂರು ಕೊಟೇಶನ್ ಬೇಕೆಂದರು. ಎರಡು ಬಂದಿವೆ, ಮೂರನೆಯದಕ್ಕೆ ಕಾಯುತ್ತಿದ್ದಾರೆ. ಅಷ್ಟರೊಳಗೆ ಫೋಟೋ ತೆಗೆದು ಅಪ್‌ಲೋಡ್ ಮಾಡಲಾಗಿದೆ.